ಡೊಂಕು ನೆಲದ ಗೆರೆ

ಪೆಟ್ಟಿಗೆಯ ಮುಚ್ಚಳಕ್ಕೆ ಎರಡನೇ ಮೊಳೆ ಹೊಡೆಯುವಷ್ಟರಲ್ಲಿ ಊರಿನ ಫುಟ್‌ಬಾಲ್ ತಂಡದ ನಾಯಕ ಬಾಗಿಲಲ್ಲಿ ಬಂದು ನಿಂತು, "ಅತ್ತೆ, ಹಗ್ಗ ಎಲ್ಲಿದೆ?" ಎಂದ.

ಬಡಗಿ ಎತ್ತಿದ ಸುತ್ತಿಗೆಯನ್ನು ಹಾಗೇ ಹಿಡಿದ. ನಾಯಕನ ಪ್ಯಾಂಟು ಮೊಣಕಾಲಿನ ತನಕ ಕೆಸರಾಗಿತ್ತು. ವಾರವಿಡೀ ಬೇಕರಿಯಲ್ಲಿ ಹಿಟ್ಟು ನಾದುವ ಅವನು ಬೆಳಗಿನಿಂದ ಮೈದಾನದಲ್ಲಿ ಸುಣ್ಣ ಕಲಸಿ ಸೋತು ಬಂದಿದ್ದ. ರಾತ್ರಿಯ ಮಳೆಗೆ ಗೆರೆಗಳೆಲ್ಲ ಕೊಚ್ಚಿಹೋಗಿದ್ದವು. ಟೇಪು ಹಿಡಿದು ಹೊಸದಾಗಿ ಎಳೆದರೆ ನಾಲ್ಕನೆಯ ಮೂಲೆ ಕೂಡಲೇ ಇಲ್ಲ, ಒಂದು ಮಾರು ಆಚೆ ಹೋಯಿತು. ಎರಡು ಗಂಟೆಗೆ ಕಪ್ ಸಮಿತಿಯ ಅಧಿಕಾರಿ ಮೈದಾನ ನೋಡಲು ಬರುವವನಿದ್ದ. ಗೆರೆ ಸರಿಯಿಲ್ಲದಿದ್ದರೆ ನಾಳೆಯ ಪಂದ್ಯವನ್ನು ಎದುರಾಳಿ ಚಾಂಪಿಯನ್ನರ ಸ್ಟೇಡಿಯಮ್ಮಿಗೆ ಸಾಗಿಸುವುದಾಗಿ ಮೊದಲೇ ಕಾಗದ ಬರೆದಿದ್ದ. ಈಗ ಹತ್ತು ಗಂಟೆ.

"ಹಗ್ಗ ಅವರ ಜೊತೆಗಿದೆ," ಎಂದಳು ಸತ್ತವನ ಹೆಂಡತಿ. "ನಾನೇ ಇಟ್ಟೆ."

ಕೋಣೆಯಲ್ಲಿದ್ದವರೆಲ್ಲ ಪೆಟ್ಟಿಗೆಯನ್ನು ನೋಡಿದರು. ಒಳಗೆ ಮಲಗಿದ್ದವನನ್ನು ಊರೆಲ್ಲ ಗೆರೆಮಾಮ ಎನ್ನುತ್ತಿತ್ತು. ಹೊಟ್ಟೆಪಾಡಿಗೆ ಗೋಡೆಗೆ ಬಣ್ಣ ಬಳಿಯುವ ಕೆಲಸ. ಪ್ರೀತಿಗೆ ಮೈದಾನದ ಗೆರೆ ಎಳೆಯುವ ಕೆಲಸ, ಮೂವತ್ತೊಂದು ವರ್ಷ. ಅವನ ಹಗ್ಗವೆಂದರೆ ಬೆರಳಷ್ಟು ದಪ್ಪವೂ ಇಲ್ಲದ ಒಂದು ನೂಲಿನ ಹುರಿ. ಅದರ ತುಂಬ ಗಂಟುಗಳು, ಒಂದೊಂದು ಗಂಟೂ ಒಂದೊಂದು ಅಳತೆ. ಹಳೆಯ ಕಲ್ಲುಗಣಿ ಮುಚ್ಚಿ ಮಾಡಿದ ಮೈದಾನ ಅದು. ಒಂದು ಮೂಲೆ ಸೊಂಟದಷ್ಟು ತಗ್ಗು. ವರ್ಷಗಟ್ಟಲೆ ತಪ್ಪಿ, ಅಳಿಸಿ, ಮತ್ತೆ ಎಳೆದು, ಆ ತಗ್ಗನ್ನು ಸರಿದೂಗಿಸುವ ಲೆಕ್ಕವನ್ನು ಅವನು ಹಗ್ಗಕ್ಕೆ ಕಟ್ಟಿಟ್ಟಿದ್ದ. ಅದನ್ನು ಹೆಂಡತಿ "ನನ್ನ ಸವತಿ" ಎಂದೇ ಕರೆಯುತ್ತಿದ್ದಳು. ಇಬ್ಬರೂ ಒಟ್ಟಿಗೆ ಹೋಗಲಿ ಎಂದು ಬೆಳಗ್ಗೆ ಸುರುಳಿ ಸುತ್ತಿ ಅವನ ಎದೆಯ ಮೇಲಿಟ್ಟು, ಕೈಯನ್ನು ಅದರೊಳಗೆ ತೂರಿಸಿದ್ದಳು.

ಸತ್ತವನ ಅಕ್ಕ ಕುರ್ಚಿಯಿಂದ ಎದ್ದಳು. "ಹೋಗೋನಿಗೆ ಕೊಟ್ಟದ್ದನ್ನ ವಾಪಸ್ ಕೇಳ್ತಾರೇನೋ? ಹೆಣದ ಮುಂದೆ ನಿಂತು ಚೆಂಡಾಟದ ಮಾತು ಆಡೋಕೆ ನಾಚಿಕೆ ಆಗಲ್ವಾ?"

ನಾಯಕ ತಲೆ ತಗ್ಗಿಸಿದ. ಅವನಿಗೆ ನಾಚಿಕೆಯೂ ಆಗಿತ್ತು, ಹಗ್ಗವೂ ಬೇಕಿತ್ತು.

*

ಈ ಸಲದ ಕಪ್ ಶುರುವಾಗುವ ಮುಂಚೆ ಡಾಕ್ಟರು ಗೆರೆಮಾಮನ ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದು ನೋಡಿ, ಎರಡನೇ ಸುತ್ತಿನ ತನಕ ಇದ್ದರೆ ಹೆಚ್ಚು ಎಂದಿದ್ದರು. ಅವನು ಅಂಗಿ ಗುಂಡಿ ಹಾಕಿಕೊಳ್ಳುತ್ತ ನಕ್ಕನಂತೆ. "ನಮ್ಮದು ನಾಕೌಟು ಡಾಕ್ಟ್ರೇ. ಸೋತ ದಿನ ಮನೆಗೆ. ನಮಗೆ ಪ್ರತಿ ಆಟವೂ ಕೊನೇ ಆಟವೇ, ಇದರಲ್ಲೇನು ಹೊಸದು?"

ಮೊದಲ ಸುತ್ತಿನಲ್ಲಿ ಅಂಚೆಯವರ ತಂಡ ಸೋತಿತು. ಎರಡನೆಯದರಲ್ಲಿ ಬಂದರಿನವರು ಹೆಚ್ಚುವರಿ ಅವಧಿಯಲ್ಲಿ ಸೋತರು. ಮೂರನೆಯದರಲ್ಲಿ ಪೆನಾಲ್ಟಿ ತನಕ ಎಳೆದು, ನಮ್ಮ ಗೋಲ್‌ಕೀಪರನ ಮೊಣಕೈಗೆ ಬಡಿದು ಚೆಂಡು ಹೊರಗೆ ಹೋಯಿತು, ಗೆದ್ದೆವು. ಒಂದೊಂದು ಸುತ್ತು ಮುಗಿದಾಗಲೂ ಗೆರೆಮಾಮ ಹಗ್ಗದ ಬಾಲಕ್ಕೆ ಕೆಂಪು ದಾರದ ಒಂದು ಗಂಟು ಹಾಕಿದ. ಅದು ಯಾವ ಅಳತೆಯೂ ಅಲ್ಲ. ಡಾಕ್ಟರಿಗೆ ಕೊಟ್ಟ ಉತ್ತರ ಅಷ್ಟೇ.

ಆಮೇಲೆ ಚೀಟಿ ಎತ್ತಿದಾಗ ಚಾಂಪಿಯನ್ನರೇ ಬಂದರು, ಅದೂ ನಮ್ಮ ಮೈದಾನಕ್ಕೆ. ಮೂರು ವಾರದ ಹಿಂದೆ ಅಧಿಕಾರಿ ಮೈದಾನವನ್ನೊಮ್ಮೆ ಸುತ್ತಿ, ಪಂದ್ಯವನ್ನು ಅವರ ಊರಿಗೇ ಬಿಟ್ಟುಕೊಡಿ, ನಿಮ್ಮವರಿಗೂ ದೊಡ್ಡ ಸ್ಟೇಡಿಯಂ ನೋಡಿದ ಹಾಗಾಗುತ್ತದೆ ಎಂದು ಉಪದೇಶ ಮಾಡಿದ. ಗೆರೆ ಸೊಟ್ಟಗೆ ಕಾಣುವುದು ನೆಲದ ಇಳಿಜಾರಿನಿಂದ ಎಂದು ನಾಯಕ ವಿವರಿಸಲು ಹೋದ. ಅಧಿಕಾರಿ ನಕ್ಕುಬಿಟ್ಟ. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ."

ಬೋರಲು ಹಾಕಿದ ಸುಣ್ಣದ ಬಕೆಟ್ಟಿನ ಮೇಲೆ ಗೆರೆಮಾಮ ಕೂತಿದ್ದ. ಆಗಲೇ ಮೂಳೆ ಚರ್ಮವಾಗಿದ್ದ. ಎದ್ದು ನಿಲ್ಲುವ ಶಕ್ತಿ ಇರಲಿಲ್ಲ, ಬಾಯಿಗೇನೂ ಆಗಿರಲಿಲ್ಲ.

"ಡೊಂಕೇ ಸಾರ್. ನಾವು ಐವತ್ತು ವರ್ಷದಿಂದ ಇದರ ಮೇಲೇ ಕುಣೀತಿದ್ದೀವಿ. ಸಮ ನೆಲ ಬೇಕು ಅಂತಿರೋರು ನಿಮ್ಮ ಚಾಂಪಿಯನ್ನರು. ಕುಣಿಯೋಕೆ ಬರದೋರು ಯಾರು ಅಂತ ನೀವೇ ಹೇಳಿ."

ಅಧಿಕಾರಿಗೆ ಮುಖಭಂಗವಾಯಿತು. ಪಂದ್ಯದ ಹಿಂದಿನ ದಿನ ಎರಡು ಗಂಟೆಗೆ ಪರಿಶೀಲನೆ ಎಂಬ ಕಾಗದ ಬಂದದ್ದು ಅದರ ಮರುದಿನವೇ.

*

"ಮೊಳೆ ಕೀಳು," ಎಂದಳು ಹೆಂಡತಿ ಬಡಗಿಗೆ.

ಅಕ್ಕ ಅಡ್ಡ ಬಂದಳು. ಹೆಂಡತಿ ದನಿ ಏರಿಸಲಿಲ್ಲ. "ಕೊಟ್ಟೋಳು ನಾನು ಅಕ್ಕ, ತಗೊಳ್ಳೋಳೂ ನಾನೇ. ಅವರಿಗೆ ಬೇಡ ಅನಿಸಿದ್ರೆ ಎದ್ದು ಹೇಳಲಿ."

ಮುಚ್ಚಳ ತೆಗೆದರು. ಬಸ್ಸು ಓಡಿಸುವ ಮಗಳು ಬಗ್ಗಿ, ಅಪ್ಪನ ತಣ್ಣನೆಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಬೆಳಗಿನಿಂದ ಅಳದೆ ಗಟ್ಟಿಯಾಗಿದ್ದವಳು ಅಲ್ಲಿ ಅತ್ತಳು. "ಬಿಡಪ್ಪಾ, ಹೊತ್ತಾಗುತ್ತೆ," ಎಂದು ಮಾತ್ರ ಅಂದಳು. ಹಗ್ಗ ಬಂತು.

ಮಣ್ಣು ಮಾಡಿ ಮುಗಿಸುವಾಗ ಹನ್ನೆರಡೂವರೆ. ಬಂದವರು ಯಾರೂ ಮನೆಗೆ ಹೋಗಲಿಲ್ಲ. ಸಾವಿಗೆಂದು ಉಟ್ಟ ಕಪ್ಪು ಬಟ್ಟೆಯಲ್ಲೇ ಇಡೀ ಗುಂಪು ಮೈದಾನಕ್ಕೆ ನಡೆಯಿತು. ಅಲ್ಲಿ ನಾಯಕ ಹಗ್ಗ ಬಿಚ್ಚಿ, ಗಂಟುಗಳನ್ನು ನೋಡಿ, ದಿಕ್ಕು ತಪ್ಪಿದವನ ಹಾಗೆ ನಿಂತುಬಿಟ್ಟ. ಯಾವ ಗಂಟು ಎಲ್ಲಿಗೆ ಎಂದು ಗೆರೆಮಾಮ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಇವರೂ ಕೇಳಿರಲಿಲ್ಲ, ಕೇಳಿದರೆ ಅವನು ಸಾಯುತ್ತಾನೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಹೆಂಡತಿ ಅವನ ಕೈಯಿಂದ ಹಗ್ಗ ತೆಗೆದುಕೊಂಡಳು. "ಎಲ್ಲಿಂದ ಶುರು ಮಾಡಿದ್ರಿ ಬೆಳಗ್ಗೆ?"

ತಗ್ಗಿನ ಮೂಲೆಯಿಂದ ಎಂದ.

"ಅಲ್ಲೇ ಕೆಟ್ಟಿದ್ದು. ಎತ್ತರದ ಮೂಲೆಯಿಂದ ಹಿಡಿಬೇಕು, ಅಡ್ಡ ಅಳತೆಯ ಗಂಟು ಮೊದಲು."

"ನಿಮಗೆ ಹೇಗೆ ಗೊತ್ತು ಅತ್ತೆ?"

"ಹಗ್ಗಕ್ಕೆ ಎರಡು ತುದಿ ಇರುತ್ತೆ ಕಣಯ್ಯ. ಇನ್ನೊಂದು ತುದಿ ಯಾರು ಹಿಡಿದಿದ್ರು ಅಂದ್ಕೊಂಡಿದ್ರಿ?"

ಮೂವತ್ತೊಂದು ವರ್ಷ, ಪ್ರತಿ ಪಂದ್ಯದ ದಿನ, ಊರು ಏಳುವ ಮೊದಲು. ಆಟಗಾರರು ಬರುವ ಹೊತ್ತಿಗೆ ಅವಳು ಮನೆಗೆ ಹೋಗಿ ಒಲೆ ಹಚ್ಚಿರುತ್ತಿದ್ದಳು. ಗೆರೆ ಎಲ್ಲರಿಗೂ ಕಂಡಿತ್ತು, ಅವಳು ಯಾರಿಗೂ ಕಂಡಿರಲಿಲ್ಲ.

ಅವಳು ಗಂಟು ಎಣಿಸಿ ಹೇಳಿದ ಹಾಗೆ ಒಬ್ಬೊಬ್ಬರು ನಿಂತರು. ಮಗಳು ಸುಣ್ಣದ ಗಾಡಿ ತಳ್ಳಿದಳು. ತಗ್ಗಿನ ಮೂಲೆಯ ಕೆಸರಿನಲ್ಲಿ ಗೂಟ ನಿಲ್ಲಲೇ ಇಲ್ಲ, ಎರಡು ಸಲ ಕಿತ್ತು ಬಂತು. ಸತ್ತವನ ಅಕ್ಕ ಅಷ್ಟು ಹೊತ್ತೂ ಬೇಲಿಗೆ ಒರಗಿ ಮುಖ ಊದಿಸಿಕೊಂಡು ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಚಪ್ಪಲಿ ಬಿಟ್ಟು ಕೆಸರಿಗಿಳಿದು, ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಹೊಟ್ಟೆಗೊತ್ತಿ ಹಿಡಿದು ತಾನೇ ಗೂಟವಾಗಿ ನಿಂತಳು. "ಎಳಿ ಈಗ," ಎಂದಳು. "ನಾನು ಅಲ್ಲಾಡಲ್ಲ."

ನಾಲ್ಕನೆಯ ಮೂಲೆ ಕೂಡಿತು.

ಎರಡು ಗಂಟೆಗೆ ಸರಿಯಾಗಿ ಅಧಿಕಾರಿ ಬಂದ. ಕಪ್ಪು ಬಟ್ಟೆಯ ಗುಂಪು ಕಂಡು ಒಂದು ಕ್ಷಣ ತಬ್ಬಿಬ್ಬಾದ. ಟೇಪು ಬಿಚ್ಚಿ ಉದ್ದ ಅಳೆದ, ಅಗಲ ಅಳೆದ, ಮೂಲೆಯಿಂದ ಮೂಲೆಗೆ ಅಳೆದ. ಪೆನಾಲ್ಟಿ ಚುಕ್ಕೆಯನ್ನು ಎರಡು ಸಲ ಅಳೆದ. ತಪ್ಪು ಹುಡುಕಲು ಬಂದವನಿಗೆ ಬರಿಗೈಯಲ್ಲಿ ನಿಲ್ಲುವುದು ಕಷ್ಟ. ಹಗ್ಗ ಸುತ್ತುತ್ತಿದ್ದವಳ ಹತ್ತಿರ ಬಂದು ಬಾಲದ ಕೆಂಪು ಗಂಟುಗಳನ್ನು ತೋರಿಸಿದ.

"ಇವು ಯಾವುದರ ಅಳತೆ?"

"ನಿಮ್ಮ ಟೇಪಿನಲ್ಲಿ ಇಲ್ಲದ್ದು. ಸಹಿ ಹಾಕಿ."

ಅವನು ಹಾಕಿದ. ನಾಳೆ ಚಾಂಪಿಯನ್ನರು ಈ ಡೊಂಕು ನೆಲಕ್ಕೇ ಬರಬೇಕು. ನಾಯಕ ಆ ಕಾಗದವನ್ನು ಬ್ರೆಡ್ಡು ಹಿಡಿದ ಹಾಗೆ ಎರಡೂ ಅಂಗೈಯ ಮೇಲೆ ಹಿಡಿದುಕೊಂಡ.

ಹೆಂಡತಿ ಒಂದೆಳೆ ಕೆಂಪು ದಾರ ಇದೆಯಾ ಎಂದು ಸುತ್ತ ಕೇಳಿದಳು. ಯಾರಲ್ಲೂ ಇರಲಿಲ್ಲ. ಅಕ್ಕ ಕೆಸರುಗಾಲಲ್ಲೇ ಬಂದು, ತನ್ನ ಕಪ್ಪು ಶಾಲಿನ ಅಂಚಿನಲ್ಲಿದ್ದ ಕೆಂಪು ಎಳೆಯೊಂದನ್ನು ಎಳೆದು ಕಿತ್ತು ಕೊಟ್ಟಳು. "ಈ ಸುತ್ತೂ ಅವರದೇ," ಎಂದು ಹೆಂಡತಿ ಮೂರು ಗಂಟಿನ ಪಕ್ಕ ನಾಲ್ಕನೆಯದನ್ನು ಹಾಕಿ, ಹಲ್ಲಿನಿಂದ ಕಚ್ಚಿ ಬಿಗಿದಳು. ಸುರುಳಿಯನ್ನು ಹೆಗಲಿಗೇರಿಸಿ, ಇಳಿಜಾರನ್ನು ಹತ್ತಿ ಗೇಟಿನ ಕಡೆ ನಡೆದಳು. ಒದ್ದೆ ಹಗ್ಗದಿಂದ ಸುಣ್ಣದ ನೀರು ಇಳಿಯುತ್ತ, ಅವಳ ಕಪ್ಪು ಬಟ್ಟೆಯ ಬೆನ್ನ ಮೇಲೆ, ಹೆಗಲಿಂದ ಹಿಮ್ಮಡಿಯ ತನಕ, ನೆಟ್ಟನೆ ಒಂದು ಬಿಳಿ ಗೆರೆ ಎಳೆಯಿತು.