ಭೋಜ ಸರ್ ಅವರ ಕೊಡೆ

ಬುದ್ಧಿಮತ್ತೆಯನ್ನು ಅಳೆಯುವವರಿಗೆ ಮುಖವೇ ಇರಕೂಡದು ಎಂಬುದು ಭೋಜ ಸರ್ ಅವರ ಮೊದಲ ಪಾಠ. ಮೂಡುಬಿದಿರೆಯ ಆ ಕಾಲೇಜಿನ ಮನಃಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿಗಳು ಎರಡು ವರ್ಷವೂ ಮುಖ ಕಳೆದುಕೊಳ್ಳುವುದನ್ನೇ ಅಭ್ಯಾಸ ಮಾಡಿದ್ದರು. ಮಗು ಸರಿಯುತ್ತರ ಕೊಟ್ಟರೆ ತಲೆಯಾಡಿಸಬಾರದು, ತಪ್ಪಿದರೆ ನಿಟ್ಟುಸಿರು ಬಿಡಬಾರದು, "ಹಾಂ" ಎನ್ನುವಂತೆಯೂ ಇಲ್ಲ. "ಹಾಂ" ಸೇರಿಸದೆ ಬಸ್ಸಿನ ಟಿಕೇಟನ್ನೂ ಕೊಳ್ಳಲಾರದ ವೇಣೂರಿನ ದೀಪಶ್ರೀಗೆ ಅದು ಉಪವಾಸಕ್ಕಿಂತ ಕಠಿಣವಾಗಿತ್ತು.

ಇಂದು ಅವಳ ಕೊನೆಯ ಪ್ರಾಯೋಗಿಕ ಪರೀಕ್ಷೆ. ಸರ್ ಎದುರಲ್ಲಿ ಒಂದು ಮಗುವಿನ ಬುದ್ಧಿಮತ್ತೆಯನ್ನು ನಿಯಮ ತಪ್ಪದೆ ಅಳೆದರೆ ಪದವಿ. ತಪ್ಪಿದರೆ ಇನ್ನೊಂದು ವರ್ಷ ಇದೇ ಬೆಂಚು. ಅದಕ್ಕೆಂದು ಗುರುವಾಯನಕೆರೆಯಿಂದ ಬರಬೇಕಿದ್ದ ಹುಡುಗಿಯ ತಾಯಿ ಬೆಳಿಗ್ಗೆಯೇ ಫೋನು ಮಾಡಿದ್ದರು: "ಬುದ್ಧಿ ಕಡಿಮೆ ಅಂತ ಬಂದ್ರೆ ನಾಳೆ ಊರಿಡೀ ಗೊತ್ತಾಗ್ತದೆ. ನಮ್ಮದು ಇದ್ದಷ್ಟು ಇರ್ಲಿ ಮಾರಾಯ್ತಿ."

"ಚಿಂತೆ ಬೇಡ, ನನ್ನ ಮಗ ಉಂಟಲ್ಲ," ಎಂದು ಸರ್ ಏಳನೇ ತರಗತಿಯ ಭವಿತನನ್ನು ಕರೆತಂದರು. ಅವಳ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು, "ನಾನು ಇಲ್ಲಿ ಇಲ್ಲವೇ ಇಲ್ಲ ಅಂತ ತಿಳ್ಕೊಳ್ಳಿ," ಎಂದರು.

ಬಣ್ಣದ ಮರದ ತುಂಡುಗಳನ್ನು ಚಿತ್ರದಂತೆ ಜೋಡಿಸುವ ಭಾಗ ಬಂತು. ದೀಪಶ್ರೀ ಸ್ಟಾಪ್‌ವಾಚ್ ಒತ್ತಿದಳು. ಕೊನೆಯ ತುಂಡನ್ನು ಹಿಡಿದು ಭವಿತ್ ತಡವರಿಸಿದ. ಹಿಂದಿನಿಂದ ಕೆಮ್ಮು ಕೇಳಿಸಿತು. ಹುಡುಗನ ಕಣ್ಣು ಅವಳ ಭುಜದಾಚೆ ಸರಿಯಿತು. ತಿರುಗಿ ನೋಡಿದರೆ, ಸರ್ ಮೊಣಕಾಲುಗಳ ನಡುವಿನ ಕೊಡೆಯ ಹಿಡಿಯನ್ನು ಮೆಲ್ಲನೆ ಬಲಕ್ಕೆ ತಿರುಗಿಸುತ್ತಿದ್ದರು. ಭವಿತನ ಕೈಯಲ್ಲಿ ತುಂಡೂ ಬಲಕ್ಕೆ ತಿರುಗಿತು.

ಸುಳಿವು ಸಿಕ್ಕಿದ ಪ್ರಶ್ನೆಗೆ ಅಂಕವಿಲ್ಲ. ಸುಳಿವು ಕೊಟ್ಟವರು ಕೋಣೆಯಲ್ಲಿ ಇರುವಂತಿಲ್ಲ. ನಿಯಮ ಬರೆಸಿದವರು ಸರ್. ಅವಳ ಪದವಿಗೆ ಸಹಿ ಹಾಕಬೇಕಾದವರೂ ಅವರೇ. ದೀಪಶ್ರೀ ಸ್ಟಾಪ್‌ವಾಚ್ ನಿಲ್ಲಿಸಿದಳು. ಮುಖ ಅವರು ಕಲಿಸಿದಂತೆಯೇ ಇತ್ತು.

"ಸರ್, ದಯವಿಟ್ಟು ಹೊರಗೆ ಕುಳಿತುಕೊಳ್ಳಿ."

"ನಾನು ನಿಮ್ಮ ಪರೀಕ್ಷಕ ಅಲ್ವಾ?"

"ಈಗ ನೀವು ಮಗುವಿನ ಅಪ್ಪ ಸರ್. ಕೊಡೆಯನ್ನೂ ತಕ್ಕೊಂಡು ಹೋಗಿ."

ಭವಿತ್ ಮೊದಲ ಬಾರಿಗೆ ನಕ್ಕ. ಅವಳು ನಗಲಿಲ್ಲ.

ಎಲ್ಲ ಮುಗಿದಾಗ ಸರ್ ಬಾಗಿಲಲ್ಲೇ ನಿಂತಿದ್ದರು. "ಎಷ್ಟು ಬಂತು?" ಎಂದು ದನಿ ತಗ್ಗಿಸಿ ಕೇಳಿದರು. "ನೂರ ಇಪ್ಪತ್ತು ದಾಟಿತಾ?"

"ವರದಿ ಸಿದ್ಧವಾದ ಮೇಲೆ ಪೋಷಕರಿಗೆ ತಿಳಿಸ್ತೇವೆ. ಇದು ಪಾಸು-ಫೇಲಿನ ಪರೀಕ್ಷೆ ಅಲ್ಲ." ವಾಕ್ಯ ಅವರದೇ, ಹೇಳುವ ಧಾಟಿಯೂ ಅವರು ಕಲಿಸಿದ್ದೇ.

ಮಗನ ಅಂಕ ಎಲ್ಲಾದರೂ ಸಿಗಬಹುದೇ ಎಂದು ಸರ್ ಬಹಳ ಹೊತ್ತು ಅವಳ ಮುಖದಲ್ಲಿ ಹುಡುಕಿದರು. ಸಿಗಲಿಲ್ಲ. ಕೊನೆಗೊಂದು ನಿಟ್ಟುಸಿರು ಬಿಟ್ಟು, ಅವಳನ್ನು ಪಾಸು ಮಾಡಿದರು.