ಬೀಳ್ಕೊಡುಗೆಯ ದೋಣಿ

ಟೋಪಿ ಹಾಕಿಕೊಂಡೇ ಕೇಳುವುದೋ, ತೆಗೆದು ಕೈಯಲ್ಲಿ ಹಿಡಿದು ಕೇಳುವುದೋ ಎಂಬುದು ಸಾಮಾನ್ಯ ವಿಷಯವಾಗಿರಲಿಲ್ಲ. ಹಾಕಿಕೊಂಡರೆ ಉದ್ಧಟತನ. ತೆಗೆದರೆ ಭಿಕ್ಷೆ. ಅದೂ ಅಲ್ಲದೆ ಈ ಕಡಲಗಾಳಿಗೆ, ತೆಗೆದ ಟೋಪಿಯನ್ನು ಎರಡೂ ಕೈಯಿಂದ ಎದೆಗೊತ್ತಿ ಹಿಡಿಯಬೇಕು. ಆ ಭಂಗಿಯಲ್ಲಿ ನಿಂತವನು ಏನು ಕೇಳಿದರೂ ಕ್ಷಮೆ ಕೇಳಿದ ಹಾಗೇ ಕಾಣುತ್ತದೆ. ಬಂದರಿನ ಮೆಟ್ಟಿಲ ಮೇಲೆ ನಿಂತು ಅವನು ಇದನ್ನು ತೂಗಿ ನೋಡುತ್ತಿದ್ದಾಗ, ಕೆಳಗೆ ದೋಣಿಯಲ್ಲಿ ಕೂತಿದ್ದ ನಿರ್ದೇಶಕರು ಕೂಗಿದರು:

“ಏನ್ರೀ, ಹತ್ತುತ್ತೀರೋ, ಅಲ್ಲಿಂದಲೇ ಕೈ ಬೀಸ್ತೀರೋ?”

ಹತ್ತಿದ. ಟೋಪಿ ತಲೆಯ ಮೇಲೇ ಉಳಿಯಿತು.

ಪಠ್ಯಪುಸ್ತಕ ತಯಾರಿಸುವ ಕಚೇರಿಯಲ್ಲಿ ಅವನ ಕೆಲಸ, ಪಾಠದ ಕೊನೆಗೆ ಪ್ರಶ್ನೆ ಬರೆಯುವುದು. ಪಾಠ ಬೇರೆಯವರದು, ಚಿತ್ರ ಬೇರೆಯವರದು, ಪ್ರಶ್ನೆ ಅವನದು. ಕಳೆದ ತಿಂಗಳ ಸಭೆಯಲ್ಲಿ ನಿರ್ದೇಶಕರು, ಇನ್ನು ಮುಂದೆ ‘ಏಕೆ’ ಎಂದು ಕೇಳುವ ಪ್ರಶ್ನೆಗಳು ಬೇಡ, ಬಿಟ್ಟ ಸ್ಥಳ ತುಂಬಿಸುವುದು ಸಾಕು, ಎಂದರು. ಅವನಿಗೆ ಎಲ್ಲಿಂದಲೋ ರೋಷ ಬಂತು. “ಹಾಗಾದ್ರೆ ನಾನು ಕೆಲಸ ಬಿಡ್ತೀನಿ” ಎಂದು ಎದ್ದು ನಿಂತ.

ಹೀಗೆ ಎದ್ದವನನ್ನು ‘ಏ, ಕೂತ್ಕೊಳ್ರೀ’ ಎಂದು ತೋಳು ಹಿಡಿದು ಕೂರಿಸುವುದು ಲೋಕರೂಢಿ. ಅವನ ಅಪ್ಪ ಹಾಗೆ ಎಷ್ಟೋ ಸಲ ಎದ್ದು, ಅಷ್ಟೇ ಸಲ ಕೂತು, ಕೊನೆಗೆ ಪಿಂಚಣಿ ಪಡೆದಿದ್ದ. ನಿರ್ದೇಶಕರು ಮಾತ್ರ ಕನ್ನಡಕ ತೆಗೆದು, “ನಿಮ್ಮ ನಿರ್ಧಾರದ ಬಗ್ಗೆ ನನಗೆ ಗೌರವ ಇದೆ” ಎಂದುಬಿಟ್ಟರು. ಅವತ್ತಿನಿಂದ ಇಡೀ ಕಚೇರಿ ಅವನನ್ನು ಗೌರವಿಸತೊಡಗಿತು. ಚಹಾ ತರುವವನು ಕೂಡ ಬಾಗಿಲು ತಟ್ಟಿ ಒಳಗೆ ಬರುತ್ತಿದ್ದ. ಬೈಗುಳವಾದರೆ ತಿರುಗಿ ಬೈದು ಕೈ ತೊಳೆದುಕೊಳ್ಳಬಹುದು. ಗೌರವವನ್ನು ಏನು ಮಾಡುವುದು?

ಬೀಳ್ಕೊಡುಗೆಗೆ ಭಾಷಣ ಗೀಷಣ ಬೇಡ, ಬಾಡಿಗೆ ದೋಣಿಯಲ್ಲಿ ಹೋಗಿ ಮೀನು ಹಿಡಿಯೋಣ ಎಂದದ್ದು ನಿರ್ದೇಶಕರೇ. ಅವರಿಗೆ ಗಾಳದ ಹುಚ್ಚು. ಅವನಿಗೆ ಮೀನಿನ ಪರಿಚಯ ಅದು ತಟ್ಟೆಗೆ ಬಂದ ಮೇಲಷ್ಟೇ. ನಾಳೆ ಅವನ ಕುರ್ಚಿಗೆ ಹೊಸಬಳೊಬ್ಬಳು ಬರುವವಳಿದ್ದಳು. ಪಾಠದ ಕೊನೆಯ ಪ್ರಶ್ನೆ ಬರೆಯುವುದು ಬಿಟ್ಟು ಬೇರೇನೂ ಬಾರದ, ಐವತ್ತರ ಹತ್ತಿರದ ಮನುಷ್ಯನನ್ನು ಬೇರೆ ಯಾರೂ ಕರೆಯುವವರಿರಲಿಲ್ಲ. ಕೇಳುವುದಿದ್ದರೆ ಇವತ್ತು, ಈ ದೋಣಿಯಲ್ಲೇ.

ಬೆಳಿಗ್ಗೆ ಹೆಂಡತಿ ಫ್ಲಾಸ್ಕ್ ಕೈಗೆ ಕೊಡುತ್ತಾ ಹೇಳಿದ್ದಳು: “ನೋಡಿ, ಸುತ್ತಿ ಬಳಸಿ ಮಾತಾಡಬೇಡಿ. ತಪ್ಪಾಯ್ತು, ಇರ್ತೀನಿ ಅನ್ನಿ. ಮುಗೀತು.”

“ನೋಡ್ತೀನಿ.”

“ನೋಡೋದಲ್ಲರೀ, ಕೇಳೋದು.”

ದೋಣಿ ಅಲೆತಡೆಯ ಗೋಡೆ ದಾಟಿತು. ಬೇಸಿಗೆಯ ಆಕಾಶ, ಮೂಲೆಯಲ್ಲಿ ಒಂದಿಷ್ಟು ಮೋಡ. ದೋಣಿಯವನು ಅದನ್ನು ನೋಡಿ, “ಅದು ಸುಮ್ನೆ ನಮ್ಮನ್ನ ನೋಡೋಕೆ ಬಂದಿರೋದು. ಹನಿ ಬೀಳಲ್ಲ” ಎಂದ. ಕೇಳದಿದ್ದರೂ ಹವಾಮಾನ ಹೇಳುವುದು ಅವನ ಅಭ್ಯಾಸ.

ಜೊತೆಗೆ ಬಂದಿದ್ದ ಇನ್ನೊಬ್ಬನೆಂದರೆ ಕಚೇರಿಯ ಚಿತ್ರಕಾರ. ಎಲ್ಲರೂ ಮುಖದ ಮೇಲೇ ಅವನನ್ನು ಬಣ್ಣದಡಬ್ಬಿ ಎನ್ನುತ್ತಿದ್ದರು.

“ಇನ್ಮೇಲೆ ನಿಮಗೆ ದಿನಾ ಭಾನುವಾರ ಸ್ವಾಮಿ,” ಅಂದ ಬಣ್ಣದಡಬ್ಬಿ. “ನಮಗೆಲ್ಲಿ ಆ ಯೋಗ?”

“ನೀನೂ ಬಿಡು. ಯಾರು ಬೇಡ ಅಂತಾರೆ?” ಅಂದರು ನಿರ್ದೇಶಕರು.

“ಅಯ್ಯೋ ಸಾರ್, ಇವರು ಬಿಟ್ರೆ ನಿರ್ಧಾರ ಅಂತೀರ. ನಾನು ಬಿಟ್ರೆ, ಪೀಡೆ ತೊಲಗ್ತು ಅಂತೀರ.”

ಎಲ್ಲರೂ ನಕ್ಕರು. ಅವನೂ ನಕ್ಕ. ಇವನೆದುರು ಕೇಳುವಂತಿಲ್ಲ. ಕೇಳಿದರೆ ನಾಳೆ ಹೊತ್ತೇರುವುದರೊಳಗೆ ಅದು ಚಿತ್ರ ಸಮೇತ ಕಚೇರಿಯ ಗೋಡೆಯ ಮೇಲಿರುತ್ತದೆ: ತಾನು, ಮೊಣಕಾಲೂರಿ, ಮೀನಿನ ಬಾಯಿ ಮಾಡಿಕೊಂಡು.

ಆದರೆ ಕಡಲು ದಯೆ ತೋರಿತು. ಆಳದ ಬಂಡೆಯ ಮೇಲೆ ದೋಣಿಯವನು ಲಂಗರು ಇಳಿಸಿದ್ದೇ ತಡ, ದೋಣಿ ಒಂದೇ ಕಡೆ ನಿಂತು ಹೊಯ್ದಾಡತೊಡಗಿತು. ಬಣ್ಣದಡಬ್ಬಿಯ ಮುಖ ಮೊದಲು ಹಳದಿಯಾಗಿ, ಆಮೇಲೆ ಯಾವ ಡಬ್ಬಿಯಲ್ಲೂ ಸಿಗದ ಹಸಿರಾಯಿತು. ಬಗ್ಗಿ ಎರಡು ಸಲ ಕಕ್ಕಿ, ಮುಂದಿನ ಮೂಲೆಯಲ್ಲಿ ಹಗ್ಗದ ಸುರುಳಿಯ ಮೇಲೆ ಬೋರಲು ಬಿದ್ದುಕೊಂಡ.

ದೋಣಿಯವನು ಗಾಳಕ್ಕೆ ಸೀಗಡಿ ಚುಚ್ಚಿ ಕೋಲನ್ನು ಅವನ ಕೈಗಿತ್ತ. ಸೀಸದ ಗುಂಡು ದಾರವನ್ನು ಎಳೆದುಕೊಂಡು ಇಳಿಯಿತು, ಇಳಿಯುತ್ತಲೇ ಇತ್ತು. ಇಷ್ಟು ಆಳದ ಮೇಲೆ ತಾನು ಕೂತಿದ್ದೇನೆಂದು ಅಲ್ಲಿಯವರೆಗೆ ಅವನಿಗೆ ಹೊಳೆದಿರಲಿಲ್ಲ.

“ಒಂದು ವಿಷಯ ಹೇಳ್ಲಾ?” ನಿರ್ದೇಶಕರು ನೀರನ್ನೇ ನೋಡುತ್ತಾ ಶುರುಮಾಡಿದರು. “ಅವತ್ತು ನೀವು ಎದ್ದು ನಿಂತ್ರಲ್ಲ, ಆಮೇಲೆ ನನಗೆ ಎರಡು ದಿನ ನಿದ್ದೆ ಬರಲಿಲ್ಲ.”

ಅವನು ಥಟ್ಟನೆ ಅವರತ್ತ ತಿರುಗಿದ. ಹಾಗಾದರೆ ಇವರಿಗೂ ಪಶ್ಚಾತ್ತಾಪ!

“ಹೊಟ್ಟೆಕಿಚ್ಚು ಕಣ್ರೀ,” ಅಂದರು ನಿರ್ದೇಶಕರು. “ನನ್ನ ಹೆಂಡತಿಗೆ ಹೇಳಿದೆ, ಇಡೀ ಕಚೇರಿಯಲ್ಲಿ ಎದೆಗಾರಿಕೆ ಇದ್ದವನು ಒಬ್ಬ, ಅವನೂ ಹೊರಟ ಅಂತ. ಬಿಡಬೇಕು ಬಿಡಬೇಕು ಅಂದ್ಕೊಂಡೇ ನನ್ನ ತಲೆ ಬೆಳ್ಳಗಾಯ್ತು. ನೀವು ಮಾಡಿ ತೋರಿಸಿಬಿಟ್ರಿ.”

“ಅಂಥದ್ದೇನಿಲ್ಲ ಸಾರ್.”

“ಇದೆ. ನಿಮ್ಮನ್ನ ನೋಡಿದ್ರೆ ನನಗೂ ಒಂಥರಾ ಧೈರ್ಯ.”

ಇನ್ನೊಬ್ಬರ ಧೈರ್ಯವಾಗಿ ಕೂರುವುದಕ್ಕೆ ಒಂದು ಭಂಗಿ ಬೇಕು. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಆ ಬೆನ್ನಿನ ಮೇಲೆ ಅವನಿಗೆ ವಿಪರೀತ ಸಿಟ್ಟು ಬಂತು.

ಅಷ್ಟರಲ್ಲಿ ಬಿಸಿಲು ಆರಿ, ನೀರು ಬೂದಿಬಣ್ಣಕ್ಕೆ ತಿರುಗಿ, ಮಳೆ ದಬದಬನೆ ಬಿತ್ತು. “ಇದು ಸಂಜೇವರೆಗೂ ಬಿಡಲ್ಲ,” ಎಂದು ದೋಣಿಯವನು ಅಷ್ಟೇ ಖಚಿತವಾಗಿ ಹೇಳಿ, ಇಂಜಿನ್‌ಗೆ ಹೊದಿಕೆ ಎಳೆಯಲು ಹಿಂದೆ ಹೋದ. ನಿರ್ದೇಶಕರೂ ಅವನೂ ಪುಟ್ಟ ತಗಡಿನ ಮಾಡಿನ ಕೆಳಗೆ ಮಂಡಿಗೆ ಮಂಡಿ ತಾಗಿಸಿ ಕೂತರು. ಬೇರೆ ಯಾರಿಗೂ ಕೇಳಿಸುವಂತಿರಲಿಲ್ಲ. ಇಂಥ ಗಳಿಗೆ ಮತ್ತೆ ಸಿಕ್ಕುವುದಿಲ್ಲ.

“ಸಾರ್,” ಅಂದ. “ಒಂದು ವೇಳೆ ನಾನು... ಇರ್ತೀನಿ ಅಂದ್ರೆ?”

ನಿರ್ದೇಶಕರು ಕನ್ನಡಕ ಒರೆಸುತ್ತಿದ್ದರು. ಒರೆಸುತ್ತಲೇ ಇದ್ದರು. ಕನ್ನಡಕವಿಲ್ಲದ ಅವರ ಕಣ್ಣು ಚಿಕ್ಕದಾಗಿ, ಒದ್ದೆಯಾಗಿ, ಯಾರದೋ ಹಾಗೆ ಇತ್ತು. ಏನೋ ಹೇಳಲು ಬಾಯಿ ತೆರೆದರು.

ಅವನ ಕೈಯಲ್ಲಿದ್ದ ಕೋಲು ಬಾಗಿತು.

“ಎಳೀರಿ! ಬಿಡಬೇಡಿ!” ದೋಣಿಯವನು ಹಿಂದಿನಿಂದ ಕೂಗಿದ. ನಿರ್ದೇಶಕರು ಚಿಕ್ಕ ಹುಡುಗನ ಹಾಗೆ ಎದ್ದು ನಿಂತು, “ಸುತ್ರೀ, ಸುತ್ರೀ!” ಎಂದರು. ಅವರ ದನಿಯಲ್ಲಿ ಬಿಡುಗಡೆಯಿತ್ತು. ಅವನು ರೀಲು ಸುತ್ತಿದ. ಬೇರೇನು ಮಾಡುವುದೆಂದು ತಿಳಿಯದೆ, ಬೇಗ ಮುಗಿಯಲೆಂದು, ಉಸಿರು ಬಿಡದೆ ಸುತ್ತಿದ.

ಬಂದದ್ದು ಅಂಗೈಯಗಲದ ಕೆಂಪು ಮೀನು. ದೋಣಿಯವನು ಗಾಳ ಬಿಡಿಸಿ, ಹಲಗೆಯ ಮೇಲಿನ ಅಳತೆಯ ಗೀರಿಗೆ ಹಿಡಿದು ನೋಡಿದ. “ಗೇಣಿಗೂ ಬರಲಿಲ್ಲ. ಇಷ್ಟು ಸಣ್ಣದನ್ನ ಇಟ್ಕೊಂಡ್ರೆ ನನ್ನ ಪರವಾನಗಿ ಹೋಗುತ್ತೆ.”

“ಬಿಟ್ಟುಬಿಡಿ,” ಅಂದರು ನಿರ್ದೇಶಕರು. “ನಿಮ್ಮ ಕೈಯಾರೆ ಬಿಡಿ. ಬಿಡೋದ್ರಲ್ಲಿ ನಿಮ್ಮದು ಎತ್ತಿದ ಕೈ.”

ಬಗ್ಗಿ ನೀರಿಗೆ ಬಿಟ್ಟ.

ಮಳೆ ಬಂದಷ್ಟೇ ಬೇಗ ನಿಂತಿತ್ತು. ಬಿಸಿಲು ಏನೂ ಆಗಿಲ್ಲವೆಂಬಂತೆ ಹರಡಿತು. ಬಣ್ಣದಡಬ್ಬಿ ಎದ್ದು ಕೂತು, “ಮಳೆ ಬಂತಾ?” ಎಂದು ಒದ್ದೆ ಅಂಗಿ ಹಿಂಡಿಕೊಂಡ.

“ಆಗ ಏನೋ ಅಂದ್ರಿ?” ನಿರ್ದೇಶಕರು ಕನ್ನಡಕ ಹಾಕಿಕೊಂಡು ಕೇಳಿದರು. ಮೆಲ್ಲಗೆ, ತೀರ ಮೆಲ್ಲಗೆ. ಮತ್ತೆ ಕೇಳಬೇಡಿ ಎಂದು ಕೇಳಿಕೊಳ್ಳುವ ಹಾಗೆ.

“ಏನಿಲ್ಲ ಸಾರ್. ಮಳೆ ನಿಲ್ಲುತ್ತೆ ಅಂದೆ.”

“ನಿಂತಿದೆ.”

“ಹೌದು.”

ಆಗ ಅವನು ಪಕ್ಕಕ್ಕೆ ನೋಡಿದ. ಮೀನು ಅಲ್ಲೇ ಇತ್ತು. ಹೊಟ್ಟೆ ಚೆಂಡಿನ ಹಾಗೆ ಉಬ್ಬಿ, ಕಣ್ಣು ಹೊರಗೆ ಬಂದು, ಮಗ್ಗುಲಾಗಿ ತೇಲುತ್ತಾ ಬಾಲ ಬಡಿಯುತ್ತಿತ್ತು.

“ಆಳದಿಂದ ಒಂದೇ ಸಮನೆ ಎಳೆದ್ರಲ್ಲ, ಒಳಗಿನ ಗಾಳಿ ಉಬ್ಬಿರುತ್ತೆ,” ಅಂದ ದೋಣಿಯವನು. “ಸ್ವಲ್ಪ ಹೊತ್ತು ಬಿಟ್ಟು ತಾನೇ ಇಳಿಯುತ್ತೆ.”

ಅವನು ಕೈ ಚಾಚಿ, ಮೀನನ್ನು ಅಂಗೈಯಿಂದ ಕೆಳಕ್ಕೆ ಒತ್ತಿದ. ಮೊಣಕೈವರೆಗೆ ಒತ್ತಿ ಹಿಡಿದ. ಬಿಟ್ಟ ಕೂಡಲೇ ಅದು ಬುಳಕ್ಕನೆ ಮೇಲೆ ಬಂತು. ಮತ್ತೆ ಒತ್ತಿದ. ಮತ್ತೆ ಬಂತು. ಸುತ್ತಲೂ ಅದರದೇ ನೀರು. ಒಳಗೆ ಹೋಗಲು ಅದರೊಳಗಿನ ಗಾಳಿಯೇ ಬಿಡುತ್ತಿರಲಿಲ್ಲ.

“ಏನು ಸ್ವಾಮಿ, ಮೀನಿಗೇ ಈಜು ಕಲಿಸ್ತಿದೀರ?” ಅಂದ ಬಣ್ಣದಡಬ್ಬಿ.

ನಿರ್ದೇಶಕರು ನಗಲಿಲ್ಲ. ದೋಣಿಯವನು ಲಂಗರು ಎಳೆದು ಇಂಜಿನ್ ಹಚ್ಚಿದ. ದೋಣಿ ಎಬ್ಬಿಸಿದ ಅಲೆಗೆ ಮೀನು ದೂರ ಸರಿದು, ಬಿಸಿಲಿನಲ್ಲಿ ಒಂದು ಕೆಂಪು ಚುಕ್ಕೆಯಾಯಿತು. ಚುಕ್ಕೆ ಇನ್ನೂ ಬಡಿದುಕೊಳ್ಳುತ್ತಿತ್ತು. ಬಿಳಿಯ ಕಡಲಹಕ್ಕಿಯೊಂದು ಬಂದು ಅದರ ಪಕ್ಕದಲ್ಲಿ ನೀರಿನ ಮೇಲೆ ಕೂತಿತು, ಯಾವ ಅವಸರವೂ ಇಲ್ಲದೆ.

ದಡ ಮುಟ್ಟುವವರೆಗೆ ಅವನು ಏನೂ ಕೇಳಲಿಲ್ಲ. ಕೆಲಸ ಹೋಯಿತು.