ಸೊನ್ನೆಗಿಂತ ಕೆಳಗಿನ ಗೆರೆ

ತೊಕ್ಮೋಕ್ ಪಟ್ಟಣದ ಒಂದು ಕಪಾಟು ಕಾರ್ಖಾನೆಯ ಬಣ್ಣದ ವಿಭಾಗ ನಡೆಯಬೇಕೋ ನಿಲ್ಲಬೇಕೋ ಎಂಬುದು ಅಂದು ಹೊರಗಿನಿಂದ ಅಳೆಯಲು ಬಂದ ನುರ್ಜಾದಾಳ ಯಂತ್ರದ ಕೈಯಲ್ಲಿತ್ತು. ಚಿಮಣಿಯಿಂದ ಹೊರಬೀಳುವ, ಬಣ್ಣಕ್ಕೆ ಬೆರೆಸುವ ಥಿನ್ನರ್‌ನ ಆವಿ ಘನ ಮೀಟರಿಗೆ ನೂರು ಮಿಲಿಗ್ರಾಂ ದಾಟಿದರೆ ಕೆಲಸ ಬಂದ್. ಆವಿಯ ಮೂಲಕ ಇನ್‌ಫ್ರಾರೆಡ್ ಬೆಳಕು ಹಾಯಿಸಿ, ಎಷ್ಟು ಹೀರಿಹೋಯಿತೆಂದು ನೋಡಿ ಅಳತೆ ಹೇಳುವುದು ಅವಳ ಹನ್ನೊಂದು ವರ್ಷದ ಕಸುಬು.

ಮೇಲ್ವಿಚಾರಕಿ ಸಾಯ್ರಾಗುಲ್, ಅಲ್ಲಿ ಎಲ್ಲರಿಗೂ ‘ಎಜೆ’, ಹಿರಿಯಕ್ಕ. ಪರದೆಯ ಮೇಲೆ ಗೆರೆ ಮೂಡಿದ್ದೇ ಕುತ್ತಿಗೆ ಚಾಚಿದಳು.

“ಎಷ್ಟ್ ಬಂತೇ?”

“ಸೊನ್ನೆಗಿಂತ ಕೆಳಗೆ, ಎಜೆ.”

“ನೋಡ್ದಾ! ನಮ್ಮ ಚಿಮಣಿ ಫಿಲ್ಟರಿನ ಇದ್ದಿಲು ಅಂದ್ರೆ ಚಿನ್ನ! ಬೇಗ ಸಹಿ ಹಾಕು, ಚಾ ಆರ್ತಿದೆ.”

ನುರ್ಜಾದಾ ಪೆನ್ನು ಮುಟ್ಟಲಿಲ್ಲ. ಆವಿ ಇಲ್ಲದೆ ಇದ್ದೀತು. ಇಲ್ಲದ್ದಕ್ಕಿಂತ ಕಡಿಮೆ ಹೇಗಿದ್ದೀತು? ಯಂತ್ರಕ್ಕೆ ಮೊದಲು ಶುದ್ಧ ಗಾಳಿ ಕೊಟ್ಟು, ಇದು ಸೊನ್ನೆ ಎಂದು ಕಲಿಸಬೇಕು. ಅದಕ್ಕೆಂದೇ ತರುವ ನೈಟ್ರೋಜನ್ ಸಿಲಿಂಡರ್ ಖಾಲಿಯಾಗಿದ್ದರಿಂದ ಇದೇ ಕೋಣೆಯ ಗಾಳಿಯನ್ನು ಕೊಟ್ಟಿದ್ದಳು. ಅವಳ ಕಣ್ಣು ಚಾ ಇಟ್ಟಿದ್ದ ಮೇಜಿನತ್ತ ಹೋಯಿತು. ಎಣ್ಣೆಯಲ್ಲಿ ಕರಿದ ಬೋರ್ಸೋಕ್ ರೊಟ್ಟಿತುಂಡುಗಳ ರಾಶಿಯ ಕೆಳಗೆ ಹಲಗೆ ಹೊಸದರಂತೆ ಫಳಫಳಿಸುತ್ತಿತ್ತು.

“ಎಜೆ, ಮೇಜು ಯಾವುದ್ರಲ್ಲಿ ಒರೆಸಿದ್ರಿ?”

“ಥಿನ್ನರ್‌ನಲ್ಲಿ, ಮತ್ತಿನ್ಯಾವುದ್ರಲ್ಲಿ? ಬಣ್ಣ ಮೆತ್ಕೊಂಡಿರೋ ಮೇಜಿನ ಮೇಲೆ ಅತಿಥಿಗೆ ರೊಟ್ಟಿ ಇಡೋಕಾಗುತ್ತಾ? ನೀನು ಪೆಟ್ಟಿಗೆ ಬಿಚ್ಚೋಷ್ಟರಲ್ಲಿ ಮುಗಿಸ್ದೆ.”

ಇಡೀ ಕಾರ್ಖಾನೆಗೇ ಅದೇ ವಾಸನೆ, ಹಾಗಾಗಿ ನುರ್ಜಾದಾಳ ಮೂಗಿಗೆ ತಿಳಿದಿರಲಿಲ್ಲ.

“ತಪ್ಪು ನಂದೇ. ಚಿಮಣಿಗಿಂತ ಈ ಕೋಣೇಲೇ ಆವಿ ಜಾಸ್ತಿ ಇತ್ತು, ಯಂತ್ರ ಅದನ್ನೇ ಸೊನ್ನೆ ಅಂದ್ಕೊಂಡಿದೆ. ಮತ್ತೆ ಅಳೀತೀನಿ.”

“ಹುಚ್ಚಿ! ಬಂದ ಭಾಗ್ಯಾನ ಒದೀತೀಯಲ್ಲೇ? ನನ್ನ ಕೈಕೆಳಗಿನ ಹದಿನಾಲ್ಕು ಹೆಣ್ಮಕ್ಳು ಮನೇಲಿ ಕೂರ್ಬೇಕಾ?”

“ಅವ್ರ ಮನೆಗಳೂ ಈ ಚಿಮಣಿ ಕೆಳಗೇ ಇವೆಯಲ್ಲ, ಎಜೆ.”

ನುರ್ಜಾದಾ ಉದ್ದದ ಕೊಳವೆಯನ್ನು ಕಿಟಕಿಯಿಂದಾಚೆ, ಬೆಟ್ಟದ ಗಾಳಿ ಬೀಸುವ ಕಡೆಗೆ ಚಾಚಿ ಹೊಸದಾಗಿ ಸೊನ್ನೆ ಹಿಡಿದಳು. ಬಳಿಕ ಚಿಮಣಿಯ ಆವಿ ಎಳೆದಳು. ಗೆರೆ ಈ ಸಲ ನೆಟ್ಟಗೆ ಮೇಲೆದ್ದಿತು: ನೂರ ಮೂವತ್ತೊಂದು.

ಸಾಯ್ರಾಗುಲ್ ಅಂಕಿಯನ್ನು ಎರಡು ಸಲ ಓದಿದಳು. ಆಮೇಲೆ ಬಾಗಿಲಿಗೆ ಹೋಗಿ ಕೂಗಿದಳು.

“ಸ್ಪ್ರೇ ನಿಲ್ಲಿಸ್ರೇ! ಗೋದಾಮಿಂದ ಹೊಸ ಇದ್ದಿಲಿನ ಚೀಲ ತನ್ನಿ!”

ನುರ್ಜಾದಾ ವರದಿಯಲ್ಲಿ ಆ ಅಂಕಿಯನ್ನೇ ಬರೆದು ಸಹಿ ಹಾಕಿದಳು. ಕೆಳಗೆ, ಮರು ಅಳತೆ ಶುಕ್ರವಾರ ಎಂದು ಸೇರಿಸಿದಳು.

“ಖಂಡಿತಾ ಬರ್ತೀಯಾ? ಕೈಕೊಟ್ರೆ ಹುಡುಕ್ಕೊಂಡು ಬರ್ತೀನಿ.”

“ಎಂಟು ಗಂಟೆಗೆ ಇಲ್ಲಿರ್ತೀನಿ, ಎಜೆ.”

“ಬಾ. ಎಂಬತ್ತು ತೋರಿಸ್ತೀನಿ.”

ಹಾಗೆಂದವಳೇ ಅಂಗಿಯ ತೋಳು ಮಡಚಿ, ಫಿಲ್ಟರಿನ ಏಣಿ ಹತ್ತತೊಡಗಿದಳು.